ಹೆಣ್ಣಿನ ಕಡೆಯವರಿಗೆ ಕಾಫಿ

"ಭಾನುವಾರ ಎಣ್ಣಿನ ಕಡೆಯೋರು ನಮ್ಮನೆ ನೋಡಾಕ್ ಬತ್ತಾರೆ" ಎಂದು ಮುನೀಂದ್ರ ಹೇಳಿದಾಗ ಗ್ರೈಂಡರಿನ ಮೇಲಿದ್ದ ನನ್ನ ಕೈ ಅಲ್ಲೇ ನಿಂತಿತು.

ರಾಬರ್ಟ್‌ಸನ್‌ಪೇಟೆಯಲ್ಲಿ ನಮ್ಮದು ಕಾಫಿಪುಡಿ ಅಂಗಡಿ. ಅಪ್ಪ ಸೊಣ್ಣಪ್ಪ ಹಿಂದಿನ ಕೋಣೆಯಲ್ಲಿ ಬೀಜ ಹುರಿಯುತ್ತಾರೆ, ಮುಂದೆ ನಾನು ಪುಡಿ ಮಾಡುತ್ತೇನೆ. ಮುನೀಂದ್ರ ಕ್ಯಾಸಂಬಳ್ಳಿಯಲ್ಲಿ ಹಸು ಸಾಕುವವನು. ಊರೆಲ್ಲ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸಿದರೆ ಈ ಮಹಾಶಯ ಮನೆಗೆ ಎಸ್‌ಪ್ರೆಸೊ ಮಿಷಿನ್ ತಂದಿದ್ದ. ಪುಡಿ ದಪ್ಪವಾದರೆ ಅದರಲ್ಲಿ ಕಾಫಿ ಹುಳಿ ನೀರಾಗಿ ಸುರಿಯುತ್ತದೆ, ತೀರಾ ನುಣ್ಣಗಾದರೆ ತೊಟ್ಟೂ ಇಳಿಯುವುದಿಲ್ಲ. ಹಾಗಾಗಿ ವಾರವಾರ ಬರುತ್ತಿದ್ದ. "ಇನ್ನೊಂಚೂರು ನುಣ್ಣಗೆ ಮಾಡ್ರಿ" ಎಂದು ಹೇಳಿ, ಪುಡಿ ಬಿಟ್ಟು ನನ್ನನ್ನೇ ನೋಡುತ್ತಿದ್ದ. ನಾನು ತಲೆ ಎತ್ತಿದರೆ ಥಟ್ಟನೆ ತಕ್ಕಡಿ ನೋಡುತ್ತಿದ್ದ, ಕಳ್ಳ. ನನಗದು ಇಷ್ಟವಾಗುತ್ತಿತ್ತು. ಆ ನೋಟ ನಂಬಿಕೊಂಡು ಮನಸ್ಸಿನಲ್ಲೇ ಸಂಸಾರ ಹೂಡಿಬಿಟ್ಟಿದ್ದೆ.

ಈಗ ನೋಡಿದರೆ ಹೆಣ್ಣಿನ ಕಡೆಯವರಂತೆ.

"ಯಾವ ಬೀಜ ಆಕ್ಲಿ?" ಎಂದೆ.

"ನೀವೇ ನೋಡಿ ಆಕ್ರಿ. ಉಡ್ಗಿ ಅಪ್ಪಂಗೆ ಕಾಫಿ ಕೆಟ್ರೆ ಮೂಗಿನ ತುದೀಲೇ ಕೋಪ. ಸಂಬಂಧ ನಿಲ್ಲೋದೇ ಕಷ್ಟ."

ನಿಲ್ಲದಿರಲಿ, ನನಗೇನು? ಅವನಿಗೆಂದೇ ಆರಿಸಿಟ್ಟಿದ್ದ ಅರೇಬಿಕಾ ಬೀಜ ಬದಿಗಿಟ್ಟೆ. ಬೇರೆ ಬೀಜ ಪುಡಿ ಮಾಡಿ, ಫಿಲ್ಟರ್ ಕಾಫಿಗೆ ಬೆರೆಸುವ ಚಿಕೋರಿಯನ್ನು ಅದಕ್ಕೆ ಧಾರಾಳವಾಗಿ ಸುರಿದೆ. ಬಿಸಿನೀರು ತಾಗಿದರೆ ಅದು ಅಂಟಾಗಿ ಮಿಷಿನ್ನಿನ ಜರಡಿಯ ತೂತು ಮುಚ್ಚಿಬಿಡುತ್ತದೆ. ಆ ಅಪ್ಪ ಖಾಲಿ ಕಪ್ಪು ಹಿಡಿದುಕೊಂಡು ಕೂರಲಿ.

"ಉಡ್ಗಿ ಯಾವೂರೋಳು?" ಎಂದೆ, ಪೊಟ್ಟಣ ಕಟ್ಟುತ್ತಾ.

ಮುನೀಂದ್ರ ಬೆಪ್ಪಾಗಿ ನನ್ನ ಮುಖ ನೋಡಿದ.

"ಉಡ್ಗಿ ನೀವೇ ಅಲ್ವಾ? ತಮಾಷೆಗೆ ಅಂಗಂದೆ. ನಿಮ್ಮಪ್ಪ ಯೋಳಿಲ್ವಾ? ಓದ್ವಾರ ಅವ್ರತ್ರ ನಿಮ್ಮನ್ನ ಕೇಳ್ದೆ. ಮಗಳನ್ನ ವಿಚಾರಿಸಿ ಯೋಳ್ತೀನಿ ಅಂದ್ರು. ನಿನ್ನೆ ಫೋನ್ ಮಾಡಿ, ಭಾನುವಾರ ಬತ್ತೀವಿ ಅಂದ್ರು. ನೀವು ಒಪ್ಪಿದ್ದೀರ ಅಂದ್ಕಂಡೆ."

ಅಪ್ಪ ನನ್ನನ್ನು ಒಂದು ಮಾತೂ ಕೇಳಿರಲಿಲ್ಲ.

ಸಿಟ್ಟಿನಿಂದ ಹಿಂದಿನ ಕೋಣೆಯತ್ತ ತಿರುಗಿದೆ. ಅದಕ್ಕೆ ಅವನು ಬೇರೆಯೇ ಅರ್ಥ ಕಟ್ಟಿಕೊಂಡ. ಮುಖ ಬಾಡಿತು. "ಇಷ್ಟ ಇಲ್ಲಾಂದ್ರೆ ಬೇಡ ಬಿಡ್ರಿ. ನಾನೇ ನಿಮ್ಮಪ್ಪಂಗೆ ಬರೋದ್ ಬೇಡ ಅಂತ ಯೋಳ್ತೀನಿ" ಎಂದು ಪೊಟ್ಟಣಕ್ಕೆ ಕೈ ಚಾಚಿದ.

ನಾನು ಬಿಡಲಿಲ್ಲ. "ಇದನ್ನ ಕೊಡಲ್ಲ. ಚಿಕೋರಿ ಆಕಿದೀನಿ."

"ಚಿಕೋರಿನಾ? ಮಿಷಿನ್ ಕಟ್ಕಂತದಲ್ರಿ."

"ಕಟ್ಕಳ್ಲಿ ಅಂತ್ಲೇ ಆಕ್ದೆ. ಬೇರೆ ಯಾವಳೋ ನಿಮ್ಮನೆ ಸೇರ್ತಾಳೆ ಅಂದ್ಕಂಡು ಒಟ್ಟೆ ಉರೀತು. ನೀವಂದ್ರೆ ನಂಗಿಷ್ಟ. ಇನ್ನೇನ್ ಯೋಳ್ಲಿ?"

ಅವನು ಬೀಜದ ಮೂಟೆಯ ಮೇಲೆ ದೊಪ್ಪನೆ ಕುಳಿತ. ನಗಬೇಕೋ ಬೇಡವೋ ಅವನಿಗೆ ತಿಳಿಯಲಿಲ್ಲ. ನನ್ನ ಕಣ್ಣು ತುಂಬಿತ್ತು, ಆದರೂ ಪೊಟ್ಟಣ ಬಿಚ್ಚಿ ಸುರಿದು, ಅರೇಬಿಕಾ ಬೀಜವನ್ನು ಗ್ರೈಂಡರಿಗೆ ಹಾಕಿದೆ. ಆಮೇಲೆ ಹಿಂದಿನ ಕೋಣೆಯ ಬಾಗಿಲಿಗೆ ಹೋಗಿ ನಿಂತೆ.

"ಅಪ್ಪಾ, ಭಾನುವಾರ ನಾನೂ ಬತ್ತೀನಿ."

ಅಪ್ಪನ ಕೈಯ ಸೌಟು ನಿಂತುಹೋಯಿತು. "ಗಂಡಿನ ಮನೆ ನೋಡಾಕ್ ಎಣ್ಣು ಓಗೋದು ಎಲ್ಲನಾ ಉಂಟಾ?"

"ನನ್ನ ಕೇಳ್ದೇನೇ ಒಪ್ಪಿದ್ಯಲ್ಲ, ಅದುಂಟಾ? ಬದುಕೋಳು ನಾನು, ನಾನೇ ನೋಡ್ತೀನಿ."