ಮುಚ್ಚಿದ ಬಾವಿಯ ದಾಹ

"ಹೊಲ ಮಾರೀನ್ರಿ, ಖರೆ. ಬಾವಿ ಮಾತ್ರ ಮುಚ್ಚಬ್ಯಾಡ್ರಿ ಸಾಹೇಬ್ರ."

ಕುಷ್ಟಗಿಯ ಅಂಚಿನಲ್ಲಿ, ಹನುಮಸಾಗರದ ರಸ್ತೆಗೆ ಹೊಂದಿಕೊಂಡ ಹೊಲದಲ್ಲಿ ಹೊಸ ಬಡಾವಣೆ ಏಳುತ್ತಿತ್ತು. ದಾವಣಗೆರೆಯಿಂದ ಬಂದ ಇಂಜಿನಿಯರ್ ವಿರುಪಾಕ್ಷಿ, ಹೊಲ ಮಾರಿದ ದುರಗಪ್ಪನನ್ನು ನೋಡಿ ನಕ್ಕ.

"ಯಾಕೆ ಯಜಮಾನ್ರೇ, ಬಂಗಾರ ಇದೆಯಾ ಒಳಗೆ?"

"ಮಾಟದ ಗಡಿಗಿ ಐತ್ರಿ. ಊರಾಗ ಹನಿ ನೀರು ಉಳೀಬಾರ್ದಂತ ಯಾರೋ ಮಾಡಿಸಿದ್ದು. ನಮ್ಮ ಹಿರ್ಯಾರು ತಂದು ಇದರಾಗ ಮುಳುಗಿಸ್ಯಾರ. ನೀರು ಇರೂತನಕ ಅದು ಮಕ್ಕೊಂಡಿರತೈತಿ."

"ಮನೆಮನೆಗೂ ನಲ್ಲಿ ಬರುತ್ತೆ. ನಿಮ್ಮ ಗಡಿಗೆಗೂ ಒಂದು ಹಾಕಿಸ್ತೀನಿ, ಬಿಡಿ!"

ಮೋಟಾರು ಹಚ್ಚಿ ಬಾವಿ ಬತ್ತಿಸಿದರು. ತಳದ ಕೆಸರಿನಲ್ಲಿ, ಬಾಯಿಗೆ ಕರಿದಾರ ಬಿಗಿದ ಗಡಿಗೆ. ಮೇಲಿಂದ ಬಿದ್ದ ಕಲ್ಲಿಗೆ ಅದು ಒಡೆಯಿತು. ಸುಟ್ಟ ಕೂದಲಿನ, ಕೊಳೆತ ನಿಂಬೆಯ ನಾತ ಭಗ್ಗನೆ ಮೇಲೆದ್ದು ಎಲ್ಲರ ಗಂಟಲು ಹಿಡಿಯಿತು. ವಿರುಪಾಕ್ಷಿ ಮೂಗು ಮುಚ್ಚಿಕೊಂಡೇ ಕೈಬೀಸಿದ. ಬಾವಿ ಮಣ್ಣಿನಿಂದ ತುಂಬಿತು.

ಮನೆಗಳೆದ್ದವು. ಅಂಗಳಕ್ಕೊಂದು ಬೋರು. ಮಳೆ ಇಂಗಲು ಗೇಣು ಮಣ್ಣೂ ಉಳಿಯದಂತೆ ಕಾಂಕ್ರೀಟು. ವಿರುಪಾಕ್ಷಿಯೂ ಬಾವಿಯಿದ್ದ ಜಾಗದ ಪಕ್ಕದಲ್ಲೇ ಮನೆ ಮಾಡಿ ಹೆಂಡತಿ ಕವಿತಾಳನ್ನು ಕರೆತಂದ.

ಬೇಸಿಗೆಗೆ ಬೋರುಗಳು ಬರೀ ಬಿಳಿಧೂಳು ಉಗುಳಿದವು. ಟ್ಯಾಂಕರಿನ ನೀರು ಕೊಡದಲ್ಲಿ ನೀರೇ; ಗಂಟಲಿಗಿಳಿದರೆ ಬೂದಿ. ಕವಿತಾ ಕುಡಿದಳು, ಮತ್ತೆ ಕುಡಿದಳು. ತುಟಿ ಸೀಳಿತು. ನಾಲಿಗೆ ಕರ‍್ರಗಾಯಿತು. "ರೀ, ನೀರು" ಎಂಬುದೊಂದೇ ಮಾತು. ಆಸ್ಪತ್ರೆಯಲ್ಲಿ ಏರಿಸಿದ ಬಾಟಲಿಗಳೂ ಅವಳ ಮೈಗೆ ಹತ್ತಲಿಲ್ಲ.

ವಿರುಪಾಕ್ಷಿ ದುರಗಪ್ಪನ ಕಾಲು ಹಿಡಿದ.

"ಆ ಮಾಟಾನ ಮತ್ತ ನೀರಾಗ ಮುಳುಗಿಸಬೇಕ್ರಿ," ಎಂದ ದುರಗಪ್ಪ. ಅವನ ತುಟಿಯೂ ಒಡೆದಿತ್ತು. "ಆದ್ರ ಅಷ್ಟು ನೀರು ಎಲ್ಲೈತಿ ಈಗ?"

ವಿರುಪಾಕ್ಷಿ ಬಾವಿಯ ಮೇಲೆ ಹಾಕಿಸಿದ್ದ ರಸ್ತೆ ಒಡೆಸಿದ. ಬಾವಿ ಬಗೆಸಿದ. ಆಸ್ಪತ್ರೆಯಿಂದ ತಂದ ಕವಿತಾಳನ್ನು ಮನೆಯ ಪಡಸಾಲೆಯ ಹೊರಸಿನ ಮೇಲೆ ಮಲಗಿಸಿ, ಟ್ಯಾಂಕರಿನ ಪೈಪು ಬಾವಿಯೊಳಗೆ ಬಿಟ್ಟ.

ಮಟಮಟ ಮಧ್ಯಾಹ್ನ. ಒಳಗೆ ಮಾತ್ರ ಗವ್ವೆನ್ನುವ ಕತ್ತಲು. ನೀರು ಬಿದ್ದ ಸದ್ದಿಲ್ಲ. ಬೇರೆ ಸದ್ದು. ಗುಟುಕ್. ಗುಟುಕ್. ಯಾರೋ ಕುಡಿಯುತ್ತಿದ್ದರು. ಟ್ಯಾಂಕರ್ ಬರಿದಾಯಿತು. ಇನ್ನೊಂದು ಬಂತು. ಗುಟುಕ್. ಅದೂ ಬರಿದು. ತಳ ಒದ್ದೆಯಾಗಲಿಲ್ಲ.

"ಇನ್ನೊಂದು ತರ್ರೋ!" ಎಂದು ವಿರುಪಾಕ್ಷಿ ಕೂಗಲು ಹೋದ. ದನಿ ಹೊರಡಲಿಲ್ಲ. ಬಾಯಿ ತುಂಬ ಬೂದಿ.

ಆಗಲೇ ಅವನಿಗೆ ಅರಿವಾದದ್ದು: ಬೆನ್ನ ಹಿಂದಿನ ಪಡಸಾಲೆಯಲ್ಲಿ ಕವಿತಾ ನೀರು ಕೇಳುವುದನ್ನು ನಿಲ್ಲಿಸಿ ಬಹಳ ಹೊತ್ತಾಗಿತ್ತು.