ಒಸಿ ಸರ್ಕೊಳ್ಳಿ

ಹುಣಸೂರಿನ ಹೊಗೆಸೊಪ್ಪಿನ ಗೋದಾಮಿನಲ್ಲಿ ಅಂದು ನನಗೆ ಫೋರ್ಕ್‌ಲಿಫ್ಟ್ ಪರೀಕ್ಷೆ. ಪಾಸಾದರೆ ಸರ್ಟಿಫಿಕೇಟು, ಅಲ್ಲೇ ಕೆಲಸ. ಸೊಪ್ಪಿನ ಮೂಟೆಗಳನ್ನು ಗಾಡಿಯಲ್ಲಿ ಎತ್ತಿ ಜೋಡಿಸಿ ಕೆಳಗಿಳಿದೆ. ಸೀಟಿನಿಂದ ಎದ್ದರೆ ಎಂಜಿನ್ ತಾನಾಗಿ ನಿಲ್ಲುವ ಗಾಡಿ ಅದು. ನಿಲ್ಲಲಿಲ್ಲ.

"ಬೆಳಗ್ಗಿಂದ ಎಲ್ರಿಗೂ ನಿಂತದಲ್ಲವ್ವಾ! ಇಂಗಾದ್ರೆ ಪಾಸ್ ಮಾಡಾಕಾಗಲ್ಲ ಕಣವ್ವ" ಎಂದರು ಪರೀಕ್ಷಕ ಕಾಂತರಾಜು.

ಸೀಟು ಯಾರೋ ಕೂತಂತೆ ತಗ್ಗಿತ್ತು. ಮುಟ್ಟಿದೆ. ಈಗಷ್ಟೇ ನಾನು ಕೂತಿದ್ದ ಜಾಗ ಬಾವಿಯ ಕಲ್ಲಿನಂತೆ ತಣ್ಣಗಿತ್ತು.

ಖಾಲಿ ಜಾಗವನ್ನೂ ಕೇಳಿಯೇ ಕೂರಬೇಕೆಂದು ಅಜ್ಜಿ ಪುಟ್ಟಮಲ್ಲಮ್ಮ ಕಥೆಗಳಲ್ಲಿ ಹೇಳುತ್ತಿದ್ದುದು ನೆನಪಾಯಿತು.

"ಒಸಿ ಸರ್ಕೊಳ್ಳಿ" ಎಂದೆ, ಮೆಲ್ಲಗೆ.

ಸೀಟು ನಿಧಾನವಾಗಿ ಮೇಲೆದ್ದಿತು. ಎಂಜಿನ್ ನಿಂತಿತು. ನಾನು ಪಾಸಾದೆ.

ಈಗ ಅದೇ ಗಾಡಿ ಓಡಿಸುತ್ತೇನೆ, ದಿನಾ ಕೇಳಿಯೇ ಕೂರುತ್ತೇನೆ. ಇವತ್ತೂ ಕೇಳಿದೆ. ಸೀಟು ಮೇಲೇಳಲಿಲ್ಲ. ಸೀಟಿನ ಬೆಲ್ಟು ಆಗಲೇ ಹಾಕಿಯಾಗಿತ್ತು. ಯಾರದೋ ಸೊಂಟ ಬಳಸಿದಂತೆ ಗಾಳಿಯಲ್ಲಿ ಬಿಗಿದು ನಿಂತಿತ್ತು.