ಬಿಸಿನೀರ ಬುಗ್ಗೆಯಿಂದ ಮರಳಿದ ಕಾರು

ಭಾನುವಾರ ಸಂಜೆ 7.50ಕ್ಕೆ ಬ್ಯಾಡರಹಳ್ಳಿಯ ಕೃಷ್ಣಪ್ಪ ಸಂಚಾರ ಪೊಲೀಸ್ ಠಾಣೆಗೆ ಬಂದು ದೂರು ಕೊಟ್ಟರು. ಅವರ ಹೆಂಡತಿ ನೀಲಮ್ಮ, 61 ವರ್ಷ, ಅವರೆಕಾಯಿ ಕೊಂಡು ಮಾಗಡಿ ರಸ್ತೆ ದಾಟುತ್ತಿದ್ದಾಗ 6.20ಕ್ಕೆ ಬಿಳಿ ಕಾರೊಂದು ಗುದ್ದಿ, ನಿಲ್ಲದೆ ಹೋಗಿತ್ತು. ಯಾರೋ ಆಟೋ ಹಿಡಿದು ಆಸ್ಪತ್ರೆಗೆ ತಲುಪಿಸುವಷ್ಟರಲ್ಲಿ ನಲವತ್ತು ನಿಮಿಷ ಕಳೆದಿತ್ತು. ಜೀವ ಉಳಿಯಲಿಲ್ಲ.

ಇನ್‌ಸ್ಪೆಕ್ಟರ್ ಹೇಮಶ್ರೀ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್ ಏಕಾಂತಯ್ಯನವರೊಂದಿಗೆ ಸ್ಥಳಕ್ಕೆ ಹೋದರು. ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಹೆಡ್‌ಲೈಟಿನ ಚೂರುಗಳು, ಚೆಲ್ಲಿದ ಅವರೆಕಾಯಿ. ಮೋರಿಯ ಪಕ್ಕ ಉದ್ದನೆಯ ಹಸಿರು ಚೀಲ, ಅದರೊಳಗೆ ಟೆಂಟಿನ ಕಂಬಿಗಳು.

"ಕಾರಿನ ಮೇಲಿಂದ ಬಿದ್ದಿದೆ ಮೇಡಂ," ಎಂದರು ಏಕಾಂತಯ್ಯ. "ಚೀಟಿ ನೋಡಿ. ರಾಜಾಜಿನಗರದಲ್ಲಿ ಟೆಂಟ್ ಬಾಡಿಗೆಗೆ ಕೊಡೋ ಅಂಗಡೀದು."

ಸೋಮವಾರ ಬೆಳಗ್ಗೆ 10.30ಕ್ಕೆ ಅಂಗಡಿಯವನು ಪುಸ್ತಕ ತೆಗೆದ.

"ಶುಕ್ರವಾರ ತಗೊಂಡೋದ್ರು. ಸಂಪತ್ ಅಂತ, ಹೆಗ್ಗನಹಳ್ಳಿ. ಮೂರು ಜನ ಫ್ರೆಂಡ್ಸು. ಪುತ್ತೂರು ಕಡೆ ಬಿಸಿನೀರಿನ ಬುಗ್ಗೆಗೆ ಕ್ಯಾಂಪಿಂಗ್ ಅಂದ್ರು."

"ಇನ್ನೇನಾದ್ರೂ ನೆನಪಿದ್ಯಾ?"

"ಒಬ್ರು ಕಾರಿಂದ ಇಳೀಲೇ ಇಲ್ಲ ಮೇಡಂ, ತುಂಬ ಸೊರಗಿದ್ರು. ಟೆಂಟೊಳಗೆ ದಪ್ಪ ಹಾಸಿಗೆ ಹಿಡಿಯುತ್ತಾ ಅಂತ ಸಂಪತ್ ಎರಡೆರಡು ಸಲ ಕೇಳಿದ್ರು."

ಹೆಗ್ಗನಹಳ್ಳಿಯಲ್ಲಿ ಸಂಪತ್‌ನ ಮನೆಗೆ ಬೀಗ. ಹಿಂದಿನ ಬೀದಿಯಲ್ಲಿ, ಗೆಳೆಯ ಅರುಣ್ ಕುಮಾರನ ಮನೆಯ ಮುಂದೆ ಬಿಳಿ ಕಾರು ನಿಂತಿತ್ತು. ಎಡಗಡೆಯ ಹೆಡ್‌ಲೈಟ್ ಒಡೆದಿತ್ತು. ಬಾಗಿಲಲ್ಲಿ ಶಾಮಿಯಾನ, ಒಳಗೆ ಅಳು. ಅರುಣ್ ಹಿಂದಿನ ಸಂಜೆ ಏಳು ಗಂಟೆಗೆ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ. ಶ್ವಾಸಕೋಶದ ಕ್ಯಾನ್ಸರ್.

ಖಾಕಿ ಕಂಡ ಕೂಡಲೇ ಸಂಪತ್ ತಾನಾಗಿ ಎದ್ದು ಬಂದ.

"ಮಣ್ಣು ಮುಗಿಸ್ಕೊಂಡು ಬರ್ತೀನಿ ಮೇಡಂ. ಓಡೋಗಲ್ಲ."

ಹೇಮಶ್ರೀ ಒಪ್ಪಿದರು. ಏಕಾಂತಯ್ಯ ಸ್ಮಶಾನದವರೆಗೂ ಅವನ ಹಿಂದೆಯೇ ನಡೆದರು.

ಸಂಜೆ 4.15ಕ್ಕೆ ಠಾಣೆಯಲ್ಲಿ ವಿಚಾರಣೆ.

"ಅಂಥಾ ರೋಗೀನ ಯಾಕ್ರೀ ಅಷ್ಟು ದೂರ ಕರ್ಕೊಂಡೋದ್ರಿ?"

"ಬಿಸಿನೀರಲ್ಲಿ ಕೂತ್ಕೋಬೇಕು ಅಂತ ಆಸೆಪಟ್ಟ. ಅವನ ಹೆಂಡತಿ ಚೈತ್ರ ಬೇಡವೇ ಬೇಡ ಅಂದ್ಳು. ಜೋಪಾನವಾಗಿ ವಾಪಸ್ ತರ್ತೀನಿ ಅಂತ ನಾನೇ ಮಾತು ಕೊಟ್ಟೆ. ಶನಿವಾರ ಒಂದು ಗಂಟೆ ನೀರಲ್ಲಿ ಕೂತಿದ್ದ. ನಕ್ಕ ಮೇಡಂ. ಎಷ್ಟೋ ತಿಂಗಳಾಗಿತ್ತು ಅವನು ನಕ್ಕು."

"ಆಮೇಲೆ?"

"ವಾಪಸ್ ಬರ್ತಾ ನೆಲಮಂಗಲ ದಾಟಿದ್ಮೇಲೆ ಉಸಿರು ಸಿಗ್ತಿರಲಿಲ್ಲ ಅವನಿಗೆ. ನಮ್ ಜೊತೆ ಬಂದಿದ್ದ ಇನ್ನೊಬ್ಬ ಫ್ರೆಂಡು ಚನ್ನವೀರೇಶ ಹಿಂದೆ ಕೂತು ಹಿಡ್ಕೊಂಡಿದ್ದ."

"ಆಯಮ್ಮನಿಗೆ ಗುದ್ದಿದ್ದು ಗೊತ್ತಾಯ್ತಾ?"

"ಗೊತ್ತಾಯ್ತು. ನಿಲ್ಸು ಮಗಾ ಅಂತ ಚನ್ನವೀರೇಶ ಕಿರುಚ್ದ. ನಿಲ್ಸಿದ್ರೆ ಜನ ಸೇರ್ತಾರೆ, ಬಿಡಲ್ಲ, ಅಷ್ಟರಲ್ಲಿ ಅರುಣ ಹೋಗ್ಬಿಡ್ತಾನೆ ಅನ್ನಿಸ್ತು."

"ನೀವೂ ಆಸ್ಪತ್ರೆಗೇ ಹೋಗ್ತಿದ್ರಲ್ಲ, ಮುಂದಿನ ಸೀಟಲ್ಲಿ ಯಾರಿದ್ರು?"



"ಖಾಲಿ ಇತ್ತು ಮೇಡಂ."

5.30ಕ್ಕೆ ದಸ್ತಗಿರಿ ಆಯಿತು. ಅರ್ಧ ಗಂಟೆಯೊಳಗೆ ತಂದಿದ್ದರೆ ನೀಲಮ್ಮ ಉಳಿಯುವ ಸಾಧ್ಯತೆಯಿತ್ತೆಂದು ವೈದ್ಯರು ಹೇಳಿಕೆ ಕೊಟ್ಟಿದ್ದರು. ಹೇಮಶ್ರೀ ಅದನ್ನು ಸಂಪತ್‌ಗೆ ಓದಿ ಹೇಳಲಿಲ್ಲ, ಕಡತಕ್ಕೆ ಸೇರಿಸಿದರು.

ಮರುದಿನ ಕೃಷ್ಣಪ್ಪನವರನ್ನು ಕರೆಸಿ ಎಲ್ಲವನ್ನೂ ತಿಳಿಸಿದರು. ಅವರು ತಲೆತಗ್ಗಿಸಿ ಕೇಳಿದರು.

"ಆ ಕಾಯಿಲೆ ಹುಡ್ಗ ಉಳ್ಕೊಂಡ್ನಾ ಮೇಡಂ?"

"ಇಲ್ಲ. ಅವತ್ತೇ ಹೋದ್ರು."

ಕೃಷ್ಣಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು.

"ಅವನಾದ್ರೂ ಉಳೀಬೇಕಿತ್ತು," ಎಂದರು.